ದಾವಣಗೆರೆಯಿಂದ ಮಲ್ಪೆಗೆ: ಬಾಡಿಗೆ ದೋಣಿಯಲ್ಲಿ ಗಾಳ ಹಾಕುವವರಿಗೆ

ಸೂಳೆಕೆರೆಯಲ್ಲಿ ಕಾಟ್ಲಾ, ರೋಹು ಹಿಡಿದು ಪಳಗಿದ ಕೈ ಕಡಲಿಗೂ ಸಾಕು. ಅಲ್ಲಿನ ಸಾಮಾನು ಮಾತ್ರ ಸಾಲದು. ಗಾಳಕ್ಕೆ ಸಿಕ್ಕಿಸುವ ಹಿಟ್ಟಿನುಂಡೆ ಮನೆಯಲ್ಲೇ ಇರಲಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ಮಧ್ಯಾಹ್ನದ ಹೊತ್ತಿಗೆ ಪಡುಗಾಳಿ ಎದ್ದು ನೀರು ಕುಣಿಯತೊಡಗುತ್ತದೆ, ಹಾಗಾಗಿ ದೋಣಿ ನಸುಕಿನಲ್ಲೇ ಹೊರಡಬೇಕು. ಹಿಂದಿನ ದಿನವೇ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ದಾರಿಯಲ್ಲಿ ಇಳಿದು ಮಲ್ಪೆಯಲ್ಲಿ ಮಲಗಿ.

ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಿ: ತಲೆಗೊಂದು ಲೈಫ್ ಜಾಕೆಟ್ ಇದೆಯೇ, ದೋಣಿಯ ಮೇಲೆ ನೋಂದಣಿ ಸಂಖ್ಯೆ ಬರೆದಿದೆಯೇ, ಬಾಡಿಗೆ ಗಂಟೆಗೋ ಇಡೀ ಟ್ರಿಪ್ಪಿಗೋ, ಡೀಸೆಲ್ ಅದರಲ್ಲೇ ಬಂತೇ, ಸಿಕ್ಕ ಮೀನು ಯಾರಿಗೆ. ದಡಕ್ಕೆ ಬಂದ ಮೇಲೆ ಜಗಳ ಹುಟ್ಟುವುದು ಈ ಕೊನೆಯ ಮಾತಿಗೇ.

ಏಳಡಿ ರಾಡ್, 5000 ಅಥವಾ 6000 ಅಳತೆಯ ರೀಲು, 40 ಪೌಂಡ್ ಎಳೆತ ತಡೆಯುವ ಬ್ರೇಡ್ (ಹೆಣೆದ ದಾರದ) ಲೈನು 200 ಮೀಟರ್ ಬೇಕು. ಬಂಗುಡೆಗೆ ಪುಕ್ಕ ಕಟ್ಟಿದ ಸಣ್ಣ ಕೊಕ್ಕೆಗಳ ಸಾಲು ಸಾಕು. ಅಂಜಲ್ ಕಥೆಯೇ ಬೇರೆ, ಅದರ ಹಲ್ಲು ಬ್ಲೇಡಿನಂಥದ್ದು. ಕೊಕ್ಕೆಗೆ ಮುಂಚೆ ಒಂದಡಿ ಸ್ಟೀಲ್ ವೈರ್ ಕಟ್ಟದಿದ್ದರೆ ಒಂದೇ ಎಳೆತ, ಆಮೇಲೆ ಲೈನು ಹಗುರ. ಆಗ ತುದಿ ನೋಡಿ. ಕತ್ತರಿ ಹಾಕಿದಂತೆ ನೀಟಾಗಿದ್ದರೆ ಹಲ್ಲಿನ ಕೆಲಸ. ಹಂದಿಬಾಲದಂತೆ ಸುರುಳಿಯಾಗಿದ್ದರೆ ಮೀನನ್ನು ಬೈಯಬೇಡಿ, ನಿಮ್ಮ ಗಂಟೇ ಜಾರಿದೆ. ಮುಂದಿನ ಸಲ ಎಂಜಲು ಹಚ್ಚಿ ಒದ್ದೆ ಮಾಡಿ, ನಿಧಾನ ಬಿಗಿಯಿರಿ. ರೀಲಿನ ಡ್ರ್ಯಾಗ್, ಅಂದರೆ ಮೀನು ಎಳೆದಾಗ ಲೈನು ಎಷ್ಟು ಬಿಗಿಯಾಗಿ ಬಿಚ್ಚಿಕೊಳ್ಳಬೇಕೆಂದು ಹೊಂದಿಸುವ ತಿರುಪು, ಅದನ್ನು ಊಹೆಯಲ್ಲಿ ತಿರುಗಿಸಬೇಡಿ. ಸ್ಪ್ರಿಂಗ್ ತಕ್ಕಡಿಗೆ ಲೈನು ಸಿಕ್ಕಿಸಿ ಎಳೆದಾಗ ನಾಲ್ಕೂವರೆ ಕಿಲೋ ಸುಮಾರಿಗೆ ಲೈನು ಬಿಚ್ಚಿಕೊಳ್ಳಬೇಕು.

ಹೊರಡುವ ದಿನ ಬೆಳಿಗ್ಗೆ ಬೆಣ್ಣೆ, ಎಣ್ಣೆ ಮುಟ್ಟಬೇಡಿ. ದೋಸೆಯ ಆಸೆ ಊರಿಗೆ ಮರಳಿದ ಮೇಲೆ ತೀರಲಿ. ಊರಿಂದ ತಂದ ಮಂಡಕ್ಕಿಯನ್ನು ಎಣ್ಣೆ, ಖಾರ ಹಾಕದೆ ತಿನ್ನಿ. ವಾಂತಿ ತಡೆಯುವ ಮಾತ್ರೆ ಒಂದು ಗಂಟೆ ಮೊದಲೇ ಹೊಟ್ಟೆಯಲ್ಲಿರಬೇಕು, ತಲೆ ಸುತ್ತಿದ ಮೇಲೆ ನುಂಗಿದ್ದು ಹೊರಗೇ ಬರುತ್ತದೆ. ಅದು ನಿದ್ದೆ ಬರಿಸುತ್ತದೆ. ಘಾಟಿ ಹತ್ತುವಾಗ ಸ್ಟೇರಿಂಗ್ ನುಂಗದವರ ಕೈಲಿರಲಿ.

ಮೀನು ದೋಣಿಗೆ ಬಿದ್ದ ತಕ್ಷಣ ಐಸ್, ಕಿಲೋಗೆ ಕಿಲೋ. ಬಿಸಿಲಲ್ಲಿ ಬಿದ್ದ ಬಂಗುಡೆಯಲ್ಲಿ ಹಿಸ್ಟಮೀನ್ ಎಂಬ ವಿಷ ಹುಟ್ಟುತ್ತದೆ, ಎಷ್ಟು ಬೇಯಿಸಿದರೂ ಹೋಗದು. ಉಂಡವರಿಗೆ ಮುಖ ಕೆಂಪಾಗಿ ಮೈ ತುರಿಸುತ್ತದೆ. ಮನೆ ದೂರ, ಹೊಟ್ಟೆ ಬಗಿದು ತೊಳೆದು ಥರ್ಮಾಕೋಲ್ ಪೆಟ್ಟಿಗೆಗೆ ತುಂಬಿ, ಕರಗಿದ ನೀರನ್ನು ದಾರಿಯಲ್ಲಿ ಬಸಿಯುತ್ತಿರಿ.

ರೀಲನ್ನು ಅದೇ ರಾತ್ರಿ ಸಿಹಿನೀರಲ್ಲಿ ತೊಳೆಯಿರಿ. ಡ್ರ್ಯಾಗ್ ಬಿಗಿ ಮಾಡಿ, ಮೆಲ್ಲನೆ ನೀರು ಸುರಿಯಿರಿ. ನಲ್ಲಿ ಜೋರಾಗಿ ಬಿಟ್ಟರೆ ಉಪ್ಪು ಒಳಕ್ಕೇ ಹೋಗುತ್ತದೆ. ಒರೆಸಿ ಒಣಗಿದ ಮೇಲೆ ಡ್ರ್ಯಾಗ್ ಸಡಿಲಿಸಿಡಿ.