ಅಪ್‌ಡೇಟ್ ಆದ ಮೇಲೆ ಆಫೀಸಿನ ಕಂಪ್ಯೂಟರ್ ಮನೆಯಿಂದ ಸಿಗ್ತಿಲ್ವಾ?

ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್‌ಗೆ ಸೆಕ್ಯೂರಿಟಿ ಅಪ್‌ಡೇಟ್ ಬಿಡುವುದು ಪ್ರತಿ ತಿಂಗಳ ಎರಡನೇ ಮಂಗಳವಾರ. ಅಮೆರಿಕದಲ್ಲಿ ಆಗ ಬೆಳಿಗ್ಗೆ, ನಮಗೆ ರಾತ್ರಿ ಹತ್ತೂವರೆಯೋ ಹನ್ನೊಂದೂವರೆಯೋ ಆಗಿರುತ್ತದೆ. ಎರಡನೇ ಮಂಗಳವಾರ ಬೀಳುವುದು 8ರಿಂದ 14ನೇ ತಾರೀಖಿನ ಒಳಗೆ. ತಿಂಗಳ ಮಾರಾಟದ ವಿವರ ಕೊಡುವ ಜಿಎಸ್‌ಟಿ ರಿಟರ್ನ್, ಅಂದರೆ ಜಿಎಸ್‌ಟಿಆರ್-1 ಸಲ್ಲಿಸಲು ಕೊನೆಯ ದಿನ 11. ಮುಂಬಯಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುವ ನಮ್ಮವರಿಗೆ ಇದಕ್ಕಿಂತ ಕೆಟ್ಟ ಮುಹೂರ್ತ ಸಿಗಲಿಕ್ಕಿಲ್ಲ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಇರುವ ಕಂಪ್ಯೂಟರ್ ಮಸ್ಜಿದ್ ಬಂದರಿನ ಆಫೀಸಿನಲ್ಲಿ, ನೀವು ಡೊಂಬಿವಲಿಯ ಮನೆಯಲ್ಲಿ. ಜುಲೈ ಮಳೆಗೆ ಸಾಯನ್ ಹತ್ತಿರ ಹಳಿ ಮೇಲೆ ನೀರು ನಿಂತು ಲೋಕಲ್ ಬಂದ್. ಮನೆಯಿಂದಲೇ ಆಫೀಸಿನ ಕಂಪ್ಯೂಟರ್ ನಡೆಸಲು ವಿಂಡೋಸ್‌ನಲ್ಲಿರುವ ರಿಮೋಟ್ ಡೆಸ್ಕ್‌ಟಾಪ್ ತೆರೆದರೆ ಅದೂ ಕನೆಕ್ಟ್ ಆಗುತ್ತಿಲ್ಲ.

ಇಂಥ ಹೊತ್ತಲ್ಲಿ ವಾಟ್ಸ್ಯಾಪ್ ಗ್ರೂಪಿನಲ್ಲಿ ಬರುವ ಮೊದಲ ಸಲಹೆ: "ಆ ಅಪ್‌ಡೇಟ್ ತೆಗೆದು ಬಿಸಾಡಿ." ತಪ್ಪು ಕೆಲವೊಮ್ಮೆ ಅಪ್‌ಡೇಟಿನದ್ದೇ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ನಾನು ನೋಡಿಕೊಳ್ಳುವ ಸಣ್ಣ ಆಫೀಸುಗಳಲ್ಲಿ ಜಾಸ್ತಿ ತೊಂದರೆ ಕೊಡುವುದು ಅಪ್‌ಡೇಟ್ ಅಲ್ಲ, ಅದರ ನಂತರದ ರೀಸ್ಟಾರ್ಟ್. ತಿಂಗಳುಗಟ್ಟಲೆ ಆನ್ ಇದ್ದ ಕಂಪ್ಯೂಟರ್ ಒಮ್ಮೆ ಮಲಗಿ ಎದ್ದರೆ ಐಪಿ ನಂಬರ್ (ನೆಟ್‌ವರ್ಕಿನಲ್ಲಿ ಅದರ ವಿಳಾಸ) ಬದಲಾಗಬಹುದು, ವಿಪಿಎನ್ (ಮನೆಯಿಂದ ಆಫೀಸ್ ನೆಟ್‌ವರ್ಕಿಗೆ ಇರುವ ಖಾಸಗಿ ದಾರಿ) ಬಿಟ್ಟುಹೋಗಬಹುದು. ಅಲ್ಲದೆ ಒಳಗೇ ಹೋಗಲಾಗದ ಕಂಪ್ಯೂಟರಿನಿಂದ ಮನೆಯಲ್ಲಿ ಕೂತು ಅಪ್‌ಡೇಟ್ ತೆಗೆಯುವುದು ಹೇಗೆ ಅಂತ ಆ ಗ್ರೂಪಿನಲ್ಲಿ ಯಾರೂ ಹೇಳುವುದಿಲ್ಲ.

ಮೊದಲು ಒಂದು ಫೋನ್

ಆಫೀಸಿನಲ್ಲೋ ಪಕ್ಕದ ಗಾಲಾದಲ್ಲೋ (ಮಳಿಗೆಯಲ್ಲೋ) ಇರುವ ಯಾರಿಗಾದರೂ ಫೋನ್ ಮಾಡಿ, ಸ್ಕ್ರೀನ್ ಮೇಲೆ ಏನಿದೆ ಅಂತ ಕೇಳಿ. ಶೇಕಡಾ ಲೆಕ್ಕ ಏರುತ್ತಾ ಅಪ್‌ಡೇಟ್ ನಡೆಯುತ್ತಿದ್ದರೆ ಕಾಯಿರಿ, ಪವರ್ ಬಟನ್ ಒತ್ತಿಸಬೇಡಿ. ಲಾಗಿನ್ ಸ್ಕ್ರೀನ್ ಇದ್ದರೆ ಒಳ್ಳೆಯದು, ರಿಮೋಟ್‌ಗೆ ಅಷ್ಟು ಸಾಕು. ಯಾರೂ ಲಾಗಿನ್ ಆಗಿರಬೇಕಿಲ್ಲ.

ಮೂಡಬಿದ್ರೆ ಕಡೆಯ ಒಬ್ಬ ಹುಡುಗ ಒಮ್ಮೆ ಫೋನಲ್ಲಿ ಹೇಳಿದ್ದು ಹೀಗೆ: "ಪೂರಾ ನೀಲಿ ಉಂಟು ಮಾರಾಯ್ರೆ, ಎಂಥದ್ದೋ ನಂಬರ್ ಕೇಳ್ತಾ ಉಂಟು." ಅದು ಬಿಟ್‌ಲಾಕರ್ ರಿಕವರಿ ಸ್ಕ್ರೀನ್. ಡಿಸ್ಕ್‌ಗೆ ಹಾಕಿದ ಬೀಗ. 2024ರ ಜುಲೈ ಅಪ್‌ಡೇಟ್ ಆದಾಗ ಹಲವು ಕಂಪ್ಯೂಟರುಗಳು ಹೀಗೆ ನಿಂತಿದ್ದವು. ಮೈಕ್ರೋಸಾಫ್ಟ್ ಅದನ್ನು ಆಗಸ್ಟ್‌ನಲ್ಲಿ ಸರಿಪಡಿಸಿತು. ಅದು ಕೇಳುವುದು 48 ಅಂಕಿಗಳ ಕೀ. ಸೆಟಪ್ ಮಾಡುವಾಗ ಕೊಟ್ಟ ಮೈಕ್ರೋಸಾಫ್ಟ್ ಅಕೌಂಟ್‌ಗೆ ಮೊಬೈಲ್‌ನಿಂದಲೇ ಲಾಗಿನ್ ಆಗಿ, ಡಿವೈಸಸ್ ವಿಭಾಗದಲ್ಲಿ ರಿಕವರಿ ಕೀ ಹುಡುಕಿ. ಒಂದಕ್ಕಿಂತ ಹೆಚ್ಚು ಕೀಗಳಿದ್ದರೆ ನೀಲಿ ಸ್ಕ್ರೀನಿನಲ್ಲಿರುವ ಕೀ ಐಡಿಯ ಮೊದಲ ಎಂಟು ಅಕ್ಷರಗಳನ್ನು ಓದಿಸಿ ತಾಳೆ ನೋಡಿ. ಆಮೇಲೆ ಆರಾರು ಅಂಕಿ ನಿಧಾನಕ್ಕೆ ಹೇಳಿ ಒತ್ತಿಸಿ. ಈ ಸ್ಕ್ರೀನ್ ದಾಟುವವರೆಗೆ ವಿಂಡೋಸ್ ಶುರುವಾಗುವುದೇ ಇಲ್ಲ, ಆದ್ದರಿಂದ ಮನೆಯಿಂದ ಏನು ಮಾಡಿದರೂ ವ್ಯರ್ಥ.

ಎರರ್ ಓದದೆ ಓಕೆ ಒತ್ತಬೇಡಿ

ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಸಂದೇಶ ಎಷ್ಟೇ ಉದ್ದ ಇದ್ದರೂ ಅದು ಹೇಳುವುದು ನಾಲ್ಕರಲ್ಲಿ ಒಂದನ್ನು. ಕಂಪ್ಯೂಟರ್ ಸಿಗಲೇ ಇಲ್ಲ. ಸಿಕ್ಕಿತು, ಉತ್ತರ ಬರಲಿಲ್ಲ. ಉತ್ತರ ಬಂತು, ಪಾಸ್‌ವರ್ಡ್ ಅಥವಾ ದೃಢೀಕರಣ ಒಪ್ಪಲಿಲ್ಲ. ಒಳಗೆ ಹೋದ ಮೇಲೆ ನಿಂತುಹೋಯಿತು. ಒಂದೊಂದಕ್ಕೂ ಮದ್ದು ಬೇರೆ. ಪಾಸ್‌ವರ್ಡ್ ತಪ್ಪು ಅನ್ನುತ್ತಿದೆ ಅಂದರೆ ನೆಟ್‌ವರ್ಕ್ ಸರಿ ಇದೆ ಅಂತಲೇ ಅರ್ಥ. ಆಗ ಫೈರ್‌ವಾಲ್ (ಹೊರಗಿನಿಂದ ಬರುವ ಸಂಪರ್ಕ ತಡೆಯುವ ಕಾವಲು) ಕೆದಕುತ್ತಾ ಕೂರಬೇಡಿ.

ಸಿಗುತ್ತಲೇ ಇಲ್ಲ, ಅಥವಾ ಉತ್ತರ ಇಲ್ಲ

ವಿಪಿಎನ್ ಮೂಲಕ ಹೋಗುವವರಾದರೆ ಮೊದಲು ಅದನ್ನು ನೋಡಿ. 2022ರ ಜನವರಿ 11ರ ಅಪ್‌ಡೇಟ್ ವಿಂಡೋಸ್ 10 ಮತ್ತು 11ರಲ್ಲಿ ಎಲ್2ಟಿಪಿ ಬಗೆಯ ವಿಪಿಎನ್ ಅನ್ನೇ ಕೆಡಿಸಿತ್ತು. ಆಫೀಸಿನ ಕಂಪ್ಯೂಟರ್ ಪಾಪ ಸರಿಯಾಗಿಯೇ ಇತ್ತು, ಕೆಟ್ಟದ್ದು ಮನೆಯ ಲ್ಯಾಪ್‌ಟಾಪ್. ಜನವರಿ 17ಕ್ಕೆ ಮೈಕ್ರೋಸಾಫ್ಟೇ ತುರ್ತು ಅಪ್‌ಡೇಟ್ ಕೊಟ್ಟಿತು. ಹಾಗಾಗಿ ಎರಡೂ ಕಡೆ ಹೊಸ ಅಪ್‌ಡೇಟ್ ಬಂದಿದೆಯಾ ನೋಡಿ. ಅದೇ ವಿಪಿಎನ್‌ಗೆ ಮನೆಯ ಇನ್ನೊಂದು ಲ್ಯಾಪ್‌ಟಾಪ್‌ನಿಂದ ಹೋಗಿ ನೋಡಿದರೆ ತೊಂದರೆ ಯಾವ ತುದಿಯಲ್ಲಿದೆ ಅನ್ನುವುದು ಗೊತ್ತಾಗುತ್ತದೆ.

ವಿಪಿಎನ್ ಸರಿ ಇದ್ದರೆ ಐಪಿ ನಂಬರ್. ಆಫೀಸಿನಲ್ಲಿ ಇರುವವರಿಗೆ ಸೆಟ್ಟಿಂಗ್ಸ್ ತೆರೆಯಲು ಹೇಳಿ, ನೆಟ್‌ವರ್ಕ್ ಆಂಡ್ ಇಂಟರ್ನೆಟ್‌ಗೆ ಹೋಗಿ, ಕೇಬಲ್ ಆದರೆ ಈಥರ್ನೆಟ್ ಒತ್ತಿ, ಐಪಿವಿ4 ಎದುರಿನ ನಂಬರ್ ಓದಿಸಿ. ನೀವು ಬಳಸುತ್ತಿದ್ದ ನಂಬರಿಗಿಂತ ಬೇರೆ ಇದ್ದರೆ ವಿಷಯ ಮುಗಿಯಿತು. ಹೊಸ ನಂಬರ್ ಹಾಕಿ ಕೆಲಸ ಮಾಡಿ, ಆಮೇಲೆ ಪುರುಸೊತ್ತಿನಲ್ಲಿ ರೌಟರಿನಲ್ಲಿ ಆ ಕಂಪ್ಯೂಟರಿಗೆ ಒಂದೇ ನಂಬರ್ ಕಾಯಂ ಮಾಡಿಸಿ.

ಅದೇ ಪುಟದಲ್ಲಿ ನೆಟ್‌ವರ್ಕ್ ಪಬ್ಲಿಕ್ ಎಂದಿದೆಯಾ ಪ್ರೈವೇಟ್ ಎಂದಿದೆಯಾ ನೋಡಿಸಿ. ಪಬ್ಲಿಕ್ ಅಂದರೆ ರೈಲ್ವೆ ಸ್ಟೇಷನ್ ವೈಫೈ ಅಂದುಕೊಂಡು ವಿಂಡೋಸ್ ಬಿಗಿಯಾಗುತ್ತದೆ. ನಿಮ್ಮದೇ ಆಫೀಸಾದರೆ ಪ್ರೈವೇಟ್ ಮಾಡಿ. ಜೊತೆಗೆ ಸಿಸ್ಟಮ್ ವಿಭಾಗದಲ್ಲಿ ರಿಮೋಟ್ ಡೆಸ್ಕ್‌ಟಾಪ್ ಆನ್ ಇದೆಯಾ, ಫೈರ್‌ವಾಲ್ ಪಟ್ಟಿಯಲ್ಲಿ ರಿಮೋಟ್ ಡೆಸ್ಕ್‌ಟಾಪ್ ಎದುರು ಟಿಕ್ ಇದೆಯಾ ಅದನ್ನೂ ನೋಡಿ.

ಪಿಂಗ್‌ಗೆ (ಆ ಕಡೆ ಕಂಪ್ಯೂಟರ್ ಇದೆಯಾ ಅಂತ ಕೂಗಿ ನೋಡುವ ಕಮಾಂಡ್) ಉತ್ತರ ಬರಲಿಲ್ಲ ಅಂತ ಕಂಪ್ಯೂಟರ್ ಸತ್ತಿದೆ ಅಂದುಕೊಳ್ಳಬೇಡಿ. ಫೈರ್‌ವಾಲ್ ಪಿಂಗ್‌ಗೆ ಉತ್ತರ ಕೊಡದೇ ಇರಬಹುದು. ರಿಮೋಟ್ ಡೆಸ್ಕ್‌ಟಾಪ್ ಕೆಲಸ ಮಾಡುವುದು 3389 ಎಂಬ ಪೋರ್ಟಿನಲ್ಲಿ, ಅಂದರೆ ಆ ನಂಬರಿನ ಬಾಗಿಲಿನಲ್ಲಿ. ಮನೆಯ ಕಂಪ್ಯೂಟರಿನ ಪವರ್‌ಶೆಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಟೆಸ್ಟ್-ನೆಟ್‌ಕನೆಕ್ಷನ್ (Test-NetConnection ಐಪಿ -Port 3389) ಕಮಾಂಡಿಗೆ ಆಫೀಸಿನ ಐಪಿ ಮತ್ತು ಈ ಪೋರ್ಟ್ ನಂಬರ್ ಕೊಟ್ಟರೆ ಕೊನೆಯ ಸಾಲಿನಲ್ಲಿ ಟ್ರೂ ಅಥವಾ ಫಾಲ್ಸ್ ಬರುತ್ತದೆ. ಟ್ರೂ ಬಂದರೆ ದಾರಿ ತೆರೆದಿದೆ, ತೊಂದರೆ ಮುಂದಿನ ಹಂತದ್ದು.

ಈ ಮಧ್ಯೆ ಯಾರಾದರೂ ರೌಟರಿನಲ್ಲಿ 3389 ಅನ್ನು ನೇರ ಇಂಟರ್ನೆಟ್‌ಗೆ ತೆರೆದುಬಿಡಿ ಅಂದರೆ ಖಂಡಿತಾ ಒಪ್ಪಬೇಡಿ. 2019ರಲ್ಲಿ ಹಳೇ ವಿಂಡೋಸ್‌ಗಳಲ್ಲಿ ಸಿಕ್ಕ ಬ್ಲೂಕೀಪ್ ಎಂಬ ದೋಷದ ಮೂಲಕ ಕಳ್ಳರು ನುಗ್ಗಲು ಪಾಸ್‌ವರ್ಡೂ ಬೇಕಿರಲಿಲ್ಲ, ಪೋರ್ಟ್ ತೆರೆದಿದ್ದರೆ ಸಾಕಿತ್ತು. ಬೆಂಬಲ ನಿಲ್ಲಿಸಿ ವರ್ಷಗಳಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ಪ್ಯಾಚ್ (ದೋಷ ಮುಚ್ಚುವ ಅಪ್‌ಡೇಟ್) ಕೊಟ್ಟಿತು ಅಂದರೆ ಲೆಕ್ಕ ಹಾಕಿ.

ಆಫೀಸಿನದ್ದು ವಿಂಡೋಸ್ ಹೋಮ್ ಆಗಿದ್ದರೆ ಮೇಲಿನ ಯಾವುದೂ ಬೇಡ. ಬೇರೆಯವರು ಒಳಗೆ ಬರುವ ಸೌಲಭ್ಯ ಇರುವುದು ಪ್ರೊ ಮತ್ತು ಅದಕ್ಕೆ ಮೇಲಿನವುಗಳಲ್ಲಿ. ಹೋಮ್‌ನಲ್ಲಿ ಇಷ್ಟು ದಿನ ನಡೆದಿದೆ ಅಂದರೆ ಯಾರೋ ಜುಗಾಡ್ ಮಾಡಿ ಕೊಟ್ಟಿದ್ದಾರೆ. ಆ ಜುಗಾಡ್ ವಿಂಡೋಸ್‌ನ ಒಂದು ಫೈಲನ್ನು ನೆಚ್ಚಿಕೊಂಡಿರುತ್ತದೆ, ಅಪ್‌ಡೇಟ್ ಅದೇ ಫೈಲನ್ನು ಬದಲಿಸಿದರೆ ಕತೆ ಮುಗಿಯಿತು. ಪ್ರೊ ಲೈಸೆನ್ಸ್ ತೆಗೆದುಕೊಳ್ಳುವುದೇ ವಾಸಿ.

ಪಾಸ್‌ವರ್ಡ್ ಒಪ್ಪದಿದ್ದರೆ

ಆಫೀಸಿನಲ್ಲಿ ದಿನಾ ಒತ್ತುವ ನಾಲ್ಕಂಕಿ ಪಿನ್ ರಿಮೋಟ್‌ನಲ್ಲಿ ನಡೆಯುವುದಿಲ್ಲ, ಅಕೌಂಟಿನ ನಿಜವಾದ ಪಾಸ್‌ವರ್ಡೇ ಬೇಕು. ಪಾಸ್‌ವರ್ಡ್ ಖಾಲಿ ಬಿಟ್ಟಿದ್ದರೂ ಒಳಗೆ ಬಿಡುವುದಿಲ್ಲ. ಮೈಕ್ರೋಸಾಫ್ಟ್ ಅಕೌಂಟ್ ಬಳಸುವವರು ಆಫೀಸಿನ ಕಂಪ್ಯೂಟರಿನಲ್ಲಿ ಸೈನ್-ಇನ್ ಆಪ್ಷನ್ಸ್ ತೆರೆದು, ವಿಂಡೋಸ್ ಹೆಲೋ (ಪಿನ್, ಮುಖ, ಬೆರಳಚ್ಚಿನ ಲಾಗಿನ್) ಮಾತ್ರ ಸಾಕು ಎಂಬ ಸ್ವಿಚ್ ಆಫ್ ಮಾಡಿ, ಒಂದು ಸಲ ಪಾಸ್‌ವರ್ಡ್ ಹಾಕಿಯೇ ಲಾಗಿನ್ ಆಗಿ. ಮನೆಯ ಕಡೆ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಕೂತಿರುವ ಹಳೇ ಪಾಸ್‌ವರ್ಡ್ ಅಳಿಸಿ, ಹೊಸದಾಗಿ ಟೈಪ್ ಮಾಡಿ.

ಸಂದೇಶದಲ್ಲಿ ಕ್ರೆಡ್‌ಎಸ್‌ಎಸ್‌ಪಿ (CredSSP) ಎಂಬ ಪದ ಕಂಡರೆ ಅದು ಹಳೇ ಪರಿಚಯ. ನಿಮ್ಮ ಪಾಸ್‌ವರ್ಡನ್ನು ಆ ಕಡೆಗೆ ತಲುಪಿಸುವ ವ್ಯವಸ್ಥೆ ಅದು, ಅದರಲ್ಲಿ ಒಂದು ದೋಷ ಇತ್ತು. 2018ರ ಮಾರ್ಚ್‌ನಲ್ಲಿ ಆ ದೋಷಕ್ಕೆ ಪ್ಯಾಚ್ ಬಂತು. ಮೇ 8ರ ಅಪ್‌ಡೇಟ್ ನಿಯಮ ಬಿಗಿ ಮಾಡಿತು. ಹೊಸ ಅಪ್‌ಡೇಟ್ ಆದ ಕಂಪ್ಯೂಟರ್, ಪ್ಯಾಚ್ ಆಗದ ಸರ್ವರ್ ಜೊತೆ ಮಾತಾಡಲು ಒಪ್ಪಲಿಲ್ಲ. ಇಂದಿಗೂ ವರ್ಷಗಟ್ಟಲೆ ಅಪ್‌ಡೇಟ್ ಕಾಣದ ಸರ್ವರ್‌ಗೆ ಹೊಸ ಲ್ಯಾಪ್‌ಟಾಪ್‌ನಿಂದ ಹೋದರೆ ಇದೇ ಎರರ್. ಮದ್ದು ಒಂದೇ, ಹಿಂದುಳಿದ ತುದಿಗೂ ಅಪ್‌ಡೇಟ್ ಹಾಕುವುದು. ಪಾಲಿಸಿ ಸಡಿಲ ಮಾಡಿ ಒಳಗೆ ಹೋಗುವ ದಾರಿಯೂ ಇದೆ. ಆದರೆ ಸಡಿಲ ಮಾಡಿದವರು ವಾಪಸ್ ಬಿಗಿ ಮಾಡಿದ್ದನ್ನು ನಾನು ಕಂಡದ್ದು ಕಡಿಮೆ.

ಒಳಗೆ ಹೋಗಿ ಹ್ಯಾಂಗ್ ಆದರೆ

ಸ್ಕ್ರೀನ್ ಕಪ್ಪಾಗಿದ್ದರೆ ಕಂಟ್ರೋಲ್, ಆಲ್ಟ್, ಎಂಡ್ ಮೂರೂ ಒಟ್ಟಿಗೆ ಒತ್ತಿ. ಆ ಕಡೆಯ ಕಂಪ್ಯೂಟರಿಗೆ ಅದು ಕಂಟ್ರೋಲ್-ಆಲ್ಟ್-ಡಿಲೀಟ್ ಆಗಿ ಸಿಗುತ್ತದೆ, ಅಲ್ಲಿಂದ ಸೈನ್ ಔಟ್ ಮಾಡಿ ಮತ್ತೆ ಬನ್ನಿ. 2025ರ ಫೆಬ್ರವರಿ ಅಪ್‌ಡೇಟ್ ನಂತರ ವಿಂಡೋಸ್ ಸರ್ವರ್ 2025ರಲ್ಲಿ ಕನೆಕ್ಟ್ ಆದ ಸ್ವಲ್ಪ ಹೊತ್ತಿಗೆ ಮೌಸ್, ಕೀಬೋರ್ಡ್ ಎರಡೂ ಸ್ತಬ್ಧವಾಗುತ್ತಿದ್ದವು. ಮುಂದೆ ಬಂದ ಇನ್ನೊಂದು ಅಪ್‌ಡೇಟೇ ಅದಕ್ಕೆ ಪರಿಹಾರವಾಯಿತು. ಆಗಾಗ ಕಡಿದುಹೋಗುತ್ತಿದ್ದರೆ ಮನೆಯ ಕಂಪ್ಯೂಟರಿನ ಗ್ರೂಪ್ ಪಾಲಿಸಿಯಲ್ಲಿ (ವಿಂಡೋಸ್‌ನ ನಿಯಮಗಳ ಪಟ್ಟಿ), ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್ ಕ್ಲೈಂಟ್ ಕೆಳಗೆ, ಟರ್ನ್ ಆಫ್ ಯುಡಿಪಿ ಆನ್ ಕ್ಲೈಂಟ್ ಎಂಬುದನ್ನು ಎನೇಬಲ್ ಮಾಡಿ ನೋಡಿ.

ಇಷ್ಟಾದರೂ ಬಗ್ಗದಿದ್ದರೆ

ಈಗ ಅಪ್‌ಡೇಟ್ ತೆಗೆಯುವ ಮಾತು. ಅದಕ್ಕೂ ಮೊದಲು ಮೈಕ್ರೋಸಾಫ್ಟ್‌ನ ವಿಂಡೋಸ್ ರಿಲೀಸ್ ಹೆಲ್ತ್ ಪುಟದಲ್ಲಿ ನಿಮ್ಮ ತೊಂದರೆ ಪಟ್ಟಿಯಾಗಿದೆಯಾ ನೋಡಿ. ಅಲ್ಲಿ ಪರಿಹಾರ ಬರೆದಿದ್ದರೆ ಅದೇ ಸಾಕು. ತೆಗೆಯಲೇಬೇಕಾದರೆ ಆಫೀಸಿನ ಕಂಪ್ಯೂಟರಿಗೆ ಎನಿಡೆಸ್ಕ್‌ನಂಥ (ದೂರದಿಂದ ಕಂಪ್ಯೂಟರ್ ನಡೆಸುವ ಇನ್ನೊಂದು ಆ್ಯಪ್) ಎರಡನೇ ದಾರಿ ಬೇಕು. ಅದನ್ನು ಕಷ್ಟದ ದಿನ ಹುಡುಕಬಾರದು, ಮೊದಲೇ ಹಾಕಿ ಗಟ್ಟಿ ಪಾಸ್‌ವರ್ಡ್ ಕೊಟ್ಟಿಡಬೇಕು. ಒಂದು ಎಚ್ಚರ: ನಿಮಗೆ ಫೋನ್ ಮಾಡಿ ಎನಿಡೆಸ್ಕ್ ಹಾಕಿ, ಕೋಡ್ ಹೇಳಿ ಅನ್ನುವವರು ಮೋಸಗಾರರು. ರಿಸರ್ವ್ ಬ್ಯಾಂಕ್ 2019ರಲ್ಲೇ ಈ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು.

ಒಳಗೆ ಹೋದ ಮೇಲೆ ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್, ಅಪ್‌ಡೇಟ್ ಹಿಸ್ಟರಿ, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್. ತಾರೀಖು ನೋಡಿ, ಕೊನೆಯದನ್ನು ಮಾತ್ರ ತೆಗೆಯಿರಿ. ಆ ತಿಂಗಳ ಎಲ್ಲ ರಕ್ಷಣೆಯೂ ಅದರ ಜೊತೆಗೇ ಹೋಗುತ್ತದೆ, ಅದು ನೆನಪಿರಲಿ. ಕೂಡಲೇ ಪಾಸ್ ಅಪ್‌ಡೇಟ್ಸ್ (Pause updates) ಒತ್ತಿ ಒಂದು ವಾರ ನಿಲ್ಲಿಸಿ, ಇಲ್ಲದಿದ್ದರೆ ಅದೇ ಅಪ್‌ಡೇಟ್ ರಾತ್ರಿ ಮತ್ತೆ ಬಂದು ಕೂರುತ್ತದೆ. ತಿಂಗಳ 8ರ ಹೊತ್ತಿಗೇ ಹೀಗೆ ನಿಲ್ಲಿಸಿಟ್ಟು, ರಿಟರ್ನ್ ಸಲ್ಲಿಸಿದ ಮೇಲೆ, ನೀವೇ ಆಫೀಸಿನಲ್ಲಿ ಕೂತಿರುವ ದಿನ ರಿಸ್ಯೂಮ್ ಒತ್ತಿದರೆ ಇನ್ನೂ ಒಳ್ಳೆಯದು. ಪಾಸ್ ಐದು ವಾರಕ್ಕಿಂತ ಉದ್ದ ಎಳೆಯುವುದಿಲ್ಲ, ಎಳೆಯಲೂಬೇಡಿ.