ಕಲ್ಲಂಗಡಿ ಸಸಿ: ಬುಡಕ್ಕೆ ತೇವ, ತಲೆಗೆ ನೆರಳು

ಕಲ್ಲಂಗಡಿ ಬಿಸಿಲಿನ ಬೆಳೆ. ಅದರ ತವರು ಆಫ್ರಿಕಾದ ಒಣ ನೆಲ. ಹಬ್ಬಿದ ಬಳ್ಳಿಗೆ ದಿನವಿಡೀ ಬಿಸಿಲು ಬಿದ್ದರೇ ಹಣ್ಣು ಸಿಹಿಯಾಗುವುದು. ಅಂಥ ಗಿಡಕ್ಕೆ ನೆರಳು ಯಾಕೆ ಅನ್ನಿಸುತ್ತದೆ, ಅಲ್ವಾ?

ನೆಲದಿಂದ ಈಗಷ್ಟೇ ತಲೆ ಎತ್ತಿದ ಸಸಿಯನ್ನು ಒಮ್ಮೆ ಬಗ್ಗಿ ನೋಡಿ. ಎರಡು ದಪ್ಪ ಬೀಜದೆಲೆ, ನಡುವೆ ಮುದುಡಿಕೊಂಡ ಒಂದು ಪುಟ್ಟ ಎಲೆ. ಕೆಳಗೆ ಬೇರು ಇರುವುದು ಬೆರಳುದ್ದ. ಮೇಲಿನ ಎರಡು ಅಂಗುಲ ಮಣ್ಣು ಒಣಗಿದರೆ ಅದರ ಪಾಲಿಗೆ ಬಾವಿ ಬತ್ತಿದ ಹಾಗೆ. ಬೇರು ಆಳಕ್ಕೆ ಇಳಿಯುವ ತನಕ, ಅಂದರೆ ಸುಮಾರು ನಾಲ್ಕು ವಾರ, ಅದಕ್ಕೆ ಆಸರೆ ಬೇಕು. ನೀರನ್ನು ಹಿಡಿದಿಡುವ ಪದಾರ್ಥಗಳನ್ನು ಮಣ್ಣಿಗೆ ಬೆರೆಸುವುದು ಒಂದು ಆಸರೆ. ನೆರಳು ಇನ್ನೊಂದು. ಎರಡರಲ್ಲಿ ಒಂದನ್ನೇ ಆರಿಸಿ ಅಂದರೆ ನಾನು ನೆರಳನ್ನೇ ಆರಿಸುತ್ತೇನೆ. ಬುಡದಲ್ಲಿ ಎಷ್ಟೇ ನೀರಿರಲಿ, ಬೇರು ಹೀರುವುದಕ್ಕಿಂತ ಬೇಗ ಅದು ಎಲೆಯಿಂದ ಆವಿಯಾಗಿ ಹೋದರೆ ಸಸಿ ಬಾಡುತ್ತದೆ.

ಮಣ್ಣಿಗೆ ಏನು ಬೆರೆಸುವುದು?

ಮೊದಲು ನಿಮ್ಮ ಮಣ್ಣು ಎಂಥದ್ದು ನೋಡಿಕೊಳ್ಳಿ. ಒಂದು ಹಿಡಿ ಒದ್ದೆ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ. ಕೈ ಬಿಟ್ಟೊಡನೆ ಉದುರಿಹೋದರೆ ಮರಳು ಜಾಸ್ತಿ. ಅಂಟಿಕೊಂಡು, ಬೆರಳ ನಡುವೆ ಒತ್ತಿದಾಗ ಪಟ್ಟಿಯಂತೆ ಉದ್ದಕ್ಕೆ ಬಂದರೆ ಅದು ಜೇಡಿಮಣ್ಣು. ಜೇಡಿಮಣ್ಣಿನವರು ಹೈಡ್ರೋಜೆಲ್ ಅನ್ನು, ಅಂದರೆ ನೀರು ಕುಡಿದು ಉಬ್ಬುವ ಹರಳನ್ನು, ಮರೆತುಬಿಡಿ. ಆ ಮಣ್ಣು ನೀರನ್ನು ತಾನೇ ಹಿಡಿದುಕೊಳ್ಳುತ್ತದೆ, ಅದಕ್ಕೆ ಬೇಕಿರುವುದು ಗಾಳಿ. ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ, ಏರುಮಡಿ ಮಾಡಿದರೆ ಸಾಕು.

ಮರಳು ಮಣ್ಣಿಗೆ ಮತ್ತು ಕುಂಡಗಳಿಗೆ ನಾನು ಬಳಸುವ ಅಳತೆ ಇದು: ಎರಡು ಪಾಲು ಮಣ್ಣು, ಒಂದು ಪಾಲು ತೆಂಗಿನ ನಾರಿನ ಪುಡಿ ಅಂದರೆ ಕೋಕೋಪಿಟ್, ಒಂದು ಪಾಲು ಎರೆಗೊಬ್ಬರ ಅಥವಾ ಹಳೆಯ ಕೊಟ್ಟಿಗೆ ಗೊಬ್ಬರ. ತೂಕ ಬೇಡ, ಒಂದೇ ಡಬ್ಬಿಯಲ್ಲಿ ಅಳೆಯಿರಿ. ಕೋಕೋಪಿಟ್ ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ಆದರೆ ಅದರಲ್ಲಿ ಉಪ್ಪಿನಂಶ ಇರಬಹುದು. ಇಟ್ಟಿಗೆಯಂತೆ ಒತ್ತಿ ಮಾರುವ ಕೋಕೋಪಿಟ್ ಅನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಆ ನೀರು ಚೆಲ್ಲಿ. ಹೀಗೆ ಎರಡು ಮೂರು ಸಲ ಮಾಡಿ. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟರೆ ಎಳೆಯ ಎಲೆಗಳ ಅಂಚು ಸುಟ್ಟಂತಾಗಬಹುದು.

ವರ್ಮಿಕ್ಯುಲೈಟ್ ಸಿಕ್ಕರೆ ಒಂದು ಹಿಡಿ ಸೇರಿಸಿ. ಕಾಯಿಸಿ ಅರಳಿಸಿದ ಅಭ್ರಕದಂಥ ಖನಿಜ ಅದು. ಪದರಗಳ ನಡುವೆ ನೀರು ನಿಲ್ಲುತ್ತದೆ. ಅದರ ಪಕ್ಕದಲ್ಲೇ ಮಾರಾಟಕ್ಕಿಡುವ ಬಿಳಿ ಪರ್ಲೈಟ್ ನೋಡಿ ಮೋಸ ಹೋಗಬೇಡಿ. ಅದರ ಮುಖ್ಯ ಕೆಲಸ ನೀರು ಬಸಿಯುವಂತೆ ಮಾಡುವುದು.

ಇನ್ನು ಹೈಡ್ರೋಜೆಲ್. ಸಕ್ಕರೆ ಹರಳಿನಂತೆ ಕಾಣುವ ಈ ಪಾಲಿಮರ್ ಶುದ್ಧ ನೀರಿನಲ್ಲಿ ತನ್ನ ತೂಕದ ನೂರಾರು ಪಟ್ಟು ನೀರು ಕುಡಿದು ಜೆಲ್ಲಿಯಾಗುತ್ತದೆ. ಸುತ್ತಲಿನ ಮಣ್ಣು ಒಣಗುತ್ತಾ ಬಂದಂತೆ ಆ ನೀರು ಬೇರಿಗೆ ಸಿಗುತ್ತದೆ. ತೋಟಕ್ಕೆ ಕೊಳ್ಳುವಾಗ ಪೊಟ್ಟಣದ ಮೇಲೆ ಪೊಟ್ಯಾಸಿಯಂ ಎಂದು ಬರೆದಿದೆಯೇ ನೋಡಿ. ಮಕ್ಕಳ ಡೈಪರ್ ಹರಿದು ಅದರೊಳಗಿನ ಪುಡಿಯನ್ನು ಕುಂಡಕ್ಕೆ ಸುರಿಯುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಡೈಪರಿನಲ್ಲಿ ಇರುವುದು ಸಾಮಾನ್ಯವಾಗಿ ಸೋಡಿಯಂ ಇರುವ ಬಗೆ. ಸೋಡಿಯಂ ಜಾಸ್ತಿಯಾದರೆ ಮಣ್ಣಿನ ಕಣಗಳು ಬಿಟ್ಟುಹೋಗಿ ನೆಲ ಗಟ್ಟಿಯಾಗುತ್ತದೆ, ಗಿಡಕ್ಕೂ ಒಳ್ಳೆಯದಲ್ಲ. ಆ ಉಪಾಯ ಬೇಡ.

ಹರಳನ್ನು ನೆನೆಸಿಯೇ ಹಾಕಿ

ಇದನ್ನು ನಾನು ಕೆಟ್ಟು ಕಲಿತದ್ದು. ಮೊದಲ ಸಲ ಹೈಡ್ರೋಜೆಲ್ ತಂದಾಗ ಪ್ರತಿ ಕುಂಡಕ್ಕೆ ಒಂದು ದೊಡ್ಡ ಚಮಚ ಒಣ ಹರಳು ಬೆರೆಸಿ ಬೀಜ ಊರಿದೆ. ಸಂಜೆ ಧಾರಾಳವಾಗಿ ನೀರು ಹಾಕಿದೆ. ಬೆಳಿಗ್ಗೆ ಎದ್ದು ನೋಡಿದರೆ ಕುಂಡಗಳು ಹಾಲುಕ್ಕಿದಂತೆ ಉಕ್ಕಿದ್ದವು. ಮಣ್ಣು ಅಂಚು ದಾಟಿ ಹೊರಗೆ ಚೆಲ್ಲಿತ್ತು. ಬೀಜಗಳು ಜೆಲ್ಲಿಯ ಮೇಲೆ ನೆಮ್ಮದಿಯಾಗಿ ಕುಳಿತಿದ್ದವು. ಒಂದೂ ಮೊಳೆಯಲಿಲ್ಲ.

ಪೊಟ್ಟಣದ ಮೇಲಿನ ಅಳತೆಯೇ ಕೊನೆಯ ಮಾತು. ಸಾಮಾನ್ಯವಾಗಿ ಒಂದು ಲೀಟರ್ ಮಣ್ಣಿನ ಮಿಶ್ರಣಕ್ಕೆ 1ರಿಂದ 2 ಗ್ರಾಂ ಒಣ ಹರಳು ಸಾಕು. ಅದನ್ನು ಬಕೆಟ್ ನೀರಿನಲ್ಲಿ ಒಂದೆರಡು ಗಂಟೆ ನೆನೆಸಿ, ಪೂರ್ತಿ ಉಬ್ಬಿದ ಮೇಲೆ ಹೆಚ್ಚಿನ ನೀರು ಬಸಿದು ಮಣ್ಣಿಗೆ ಬೆರೆಸಿ. ನೆನೆಸುವ ನೀರಿಗೆ ಗೊಬ್ಬರ ಹಾಕಬೇಡಿ. ಯಾಕೆ ಅಂತ ತಿಳಿಯಬೇಕಾದರೆ ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಒಂದರಲ್ಲಿ ಮಳೆನೀರು, ಇನ್ನೊಂದರಲ್ಲಿ ರಸಗೊಬ್ಬರ ಕರಗಿಸಿದ ನೀರು. ಎರಡಕ್ಕೂ ಒಂದೇ ಅಳತೆಯಲ್ಲಿ ಚಿಟಿಕೆ ಹರಳು ಹಾಕಿ. ಎರಡು ಗಂಟೆ ಬಿಟ್ಟು ನೋಡಿದರೆ ಮಳೆನೀರಿನ ಹರಳು ದಪ್ಪದಪ್ಪಗೆ, ಗಾಜಿನ ತುಂಡಿನಂತೆ ಹೊಳೆಯುತ್ತಿರುತ್ತದೆ. ಇನ್ನೊಂದು ಲೋಟದ್ದು ಕುಗ್ಗಿಕೊಂಡು ತಳದಲ್ಲೇ ಇರುತ್ತದೆ. ನೀರಿನಲ್ಲಿ ಲವಣ ಇದ್ದಷ್ಟೂ ಅದರ ಹೊಟ್ಟೆ ಚಿಕ್ಕದು. ಗಡಸು ನೀರಿಗೂ ಇದೇ ಮಾತು.

ಉಬ್ಬಿದ ಜೆಲ್ ಅನ್ನು ಮಣ್ಣಿನ ಮೇಲ್ಭಾಗದಲ್ಲಿ ಬಿಡಬೇಡಿ, ಬಿಸಿಲಿಗೆ ಅದು ಬೇಗ ಹಾಳಾಗುತ್ತದೆ. ಬೇರು ಓಡಾಡುವ ಆಳದಲ್ಲಿ, ಮಣ್ಣಿನ ಜೊತೆ ಚದುರಿದಂತೆ ಬೆರೆತಿರಬೇಕು. ಒಣ ಹರಳಿನ ದೂಳು ಮೂಗಿಗೆ ಹೋಗದಂತೆ ನೋಡಿಕೊಳ್ಳಿ. ನೆಲಕ್ಕೆ ಬಿದ್ದರೆ ಒಣಗಿದ್ದಾಗಲೇ ಗುಡಿಸಿ. ಒದ್ದೆಯಾದರೆ ಎಣ್ಣೆ ಚೆಲ್ಲಿದ ಹಾಗೆ ಕಾಲು ಜಾರುತ್ತದೆ. ಮಕ್ಕಳ ಕೈಗೆ ಸಿಗದ ಜಾಗದಲ್ಲಿ ಇಡಿ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಹೈಡ್ರೋಜೆಲ್ ಹಾಕಿದ ಮೇಲೆ ನೀರು ಹಾಕುವುದೇ ಬೇಡ ಅಂದುಕೊಳ್ಳುವವರಿದ್ದಾರೆ. ಅದು ನೀರು ಹುಟ್ಟಿಸುವುದಿಲ್ಲ. ನೀವು ಹಾಕಿದ್ದರಲ್ಲಿ ತಳಕ್ಕೆ ಸೋರಿಹೋಗುತ್ತಿದ್ದ ಪಾಲನ್ನು ಹಿಡಿದುಕೊಳ್ಳುತ್ತದೆ, ಅಷ್ಟೇ.

ಬಿತ್ತನೆ

ಕಲ್ಲಂಗಡಿಗೆ ಬೇರು ಕದಲಿಸಿದರೆ ಆಗದು. ಸಾಧ್ಯವಾದರೆ ಬೆಳೆಯುವ ಜಾಗದಲ್ಲೇ ಬೀಜ ಹಾಕಿ. ಇಲ್ಲವಾದರೆ 8ರಿಂದ 10 ಸೆಂ.ಮೀ. ಅಗಲದ ಕಾಗದದ ಲೋಟ ಒಳ್ಳೆಯದು, ನಾಟಿ ಮಾಡುವಾಗ ಹರಿದು ತೆಗೆಯಬಹುದು. ತಳಕ್ಕೆ ತೂತು ಇರಲಿ. ಸುಮಾರು 2 ಸೆಂ.ಮೀ. ಆಳದಲ್ಲಿ ಎರಡು ಬೀಜ. ಮಣ್ಣಿನ ಬಿಸಿ 25ರಿಂದ 35 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಂದು ವಾರದ ಆಸುಪಾಸಿನಲ್ಲಿ ಮೊಳಕೆ ಕಾಣುತ್ತದೆ. 18 ಡಿಗ್ರಿಗಿಂತ ಕೆಳಗೆ ಬೀಜ ಒಳಗೇ ಕೊಳೆಯುವುದು ಹೆಚ್ಚು. ಎರಡೂ ಹುಟ್ಟಿದರೆ ಸೊರಗಿದ್ದನ್ನು ಕತ್ತರಿಯಿಂದ ಕತ್ತರಿಸಿ. ಕಿತ್ತರೆ ಪಕ್ಕದ್ದರ ಬೇರೂ ಅಲುಗುತ್ತದೆ.

ಕೆಲವು ಸಸಿಗಳು ಬೀಜದ ಸಿಪ್ಪೆಯನ್ನು ಟೋಪಿ ಹಾಕಿಕೊಂಡಂತೆ ತಲೆ ಮೇಲೆ ಹೊತ್ತು ಬರುತ್ತವೆ. ಕೈ ತುರಿಸುತ್ತದೆ ನಿಜ, ಆದರೆ ಎಳೆಯಬೇಡಿ, ಬೀಜದೆಲೆಯೇ ಹರಿದುಬಂದೀತು. ಬೆರಳು ಒದ್ದೆ ಮಾಡಿ ಸಿಪ್ಪೆಯ ಮೇಲೆ ಒಂದು ಹನಿ ನೀರು ಬಿಡಿ. ಮೆತ್ತಗಾಗಿ ತಾನೇ ಜಾರುತ್ತದೆ.

ನೆರಳು ಎಷ್ಟು, ಯಾವಾಗ?

ಬೆಳಗಿನ ಬಿಸಿಲು ಪೂರ್ತಿ ಬೀಳಲಿ. ತಡೆಯಬೇಕಾದ್ದು ನಡುಹಗಲಿನ ಮತ್ತು ಮಧ್ಯಾಹ್ನದ ಬಿಸಿಲನ್ನು. ಶೇಡ್ ನೆಟ್ ಮೇಲೆ ಶೇ 35, 50, 75 ಎಂದು ಬರೆದಿರುತ್ತದೆ. ಅದು ತಡೆಯುವ ಬೆಳಕಿನ ಪ್ರಮಾಣ. ಕಲ್ಲಂಗಡಿ ಸಸಿಗೆ ಶೇ 35 ಸಾಕು, ಬಿಸಿಲು ತೀರಾ ಉರಿಯಾದರೆ 50. ಶೇ 75ರದ್ದು ಬೇರೆ ಗಿಡಗಳಿಗೆ ಸರಿ, ಇದಕ್ಕೆ ಕತ್ತಲೆಕೋಣೆ. ಬಣ್ಣ ಆರಿಸುವ ಅವಕಾಶ ಇದ್ದರೆ ಬಿಳಿಯದು ತನ್ನಿ, ಕಪ್ಪು ನೆಟ್ ತಾನೇ ಕಾದು ಬಿಸಿಯಾಗುತ್ತದೆ. ನೆಟ್ ಇಲ್ಲದಿದ್ದರೆ ತೆಳ್ಳನೆಯ ಹಳೆ ಬಟ್ಟೆಯೂ ನಡೆಯುತ್ತದೆ.

ನಾಲ್ಕು ಕೋಲು ನೆಟ್ಟು, ಸಸಿಯ ತಲೆಯಿಂದ ಒಂದೂವರೆ ಎರಡು ಅಡಿ ಮೇಲೆ ನೆಟ್ ಕಟ್ಟಿ. ಸಸಿಯ ಮೇಲೇ ಹೊದಿಸಿದರೆ ಗಾಳಿ ಆಡದೆ ಒಳಗೆ ಬೇಯುತ್ತದೆ. ಪಡುವಣ ಬದಿಗೆ ನೆಟ್ ಸ್ವಲ್ಪ ಇಳಿಬಿಡಿ, ಇಳಿಹೊತ್ತಿನ ಓರೆ ಬಿಸಿಲು ಅಲ್ಲಿಂದಲೇ ನುಗ್ಗುವುದು. ನೆರಳು ಸರಿಯಾಗಿದೆಯೇ ಎಂದು ತಿಳಿಯಲು ನಡುಹಗಲಿನಲ್ಲಿ ನೆಟ್ ಕೆಳಗೆ ಕೈ ಚಾಚಿ. ನೆಲದ ಮೇಲೆ ಕೈಯ ನೆರಳು ಮಸುಕಾಗಿಯಾದರೂ ಕಾಣಬೇಕು. ಕಾಣದಿದ್ದರೆ ಕತ್ತಲೆ ಜಾಸ್ತಿಯಾಗಿದೆ. ಸಸಿಯೂ ಹೇಳುತ್ತದೆ. ಕಾಂಡ ಉದ್ದಕ್ಕೆ, ಬಿಳಿಚಿಕೊಂಡು, ಬೆಳಕಿನ ಕಡೆ ವಾಲುತ್ತಿದ್ದರೆ ಅದು ಬೆಳವಣಿಗೆ ಅಲ್ಲ, ಬೆಳಕಿಗಾಗಿ ಪರದಾಟ.

ನೀರು ಬೇಕೋ ಬೇಡವೋ?

ಮಧ್ಯಾಹ್ನ ಎರಡು ಗಂಟೆಗೆ ಎಲೆಗಳು ಜೋತುಬಿದ್ದದ್ದನ್ನು ಕಂಡು ಚೆಂಬು ಹಿಡಿದು ಓಡುವುದು ನಮ್ಮೆಲ್ಲರ ಅಭ್ಯಾಸ. ಸ್ವಲ್ಪ ತಡೆಯಿರಿ. ಬೇರಿಗೆ ಆ ಹೊತ್ತಿನ ಬೇಡಿಕೆ ಪೂರೈಸಲು ಆಗದೆ ಎಲೆ ತಾತ್ಕಾಲಿಕವಾಗಿ ಸೋತಿರಬಹುದು. ಸಂಜೆ ಹೋಗಿ ನೋಡಿ. ನೆಟ್ಟಗಾಗಿದ್ದರೆ ಚಿಂತೆ ಇಲ್ಲ. ಬೆಳಿಗ್ಗೆಯೂ ಬಾಡಿಯೇ ಇದ್ದರೆ ಒಂದೋ ನಿಜವಾದ ಬಾಯಾರಿಕೆ, ಇಲ್ಲವೇ ಬೇರು ಕೊಳೆತಿದೆ.

ಯಾವುದು ಎಂದು ಬೆರಳು ಹೇಳುತ್ತದೆ. ನೀರು ಹಿಡಿಯುವ ಪದಾರ್ಥ ಬೆರೆಸಿದ ಮಣ್ಣು ಮೇಲೆ ಬಿಳುಚಿ ಒಣಗಿದಂತೆ ಕಂಡರೂ ಕೆಳಗೆ ಒದ್ದೆಯಾಗಿರುತ್ತದೆ. ಅದಕ್ಕೇ ತೋರುಬೆರಳನ್ನು ಎರಡನೇ ಗೆಣ್ಣಿನ ತನಕ ಇಳಿಸಿ ನೋಡಿ. ಅಲ್ಲಿ ತಣ್ಣಗಿದ್ದರೆ ಸುಮ್ನೆ ಇರಿ. ಲೋಟಗಳಾದರೆ ಎತ್ತಿ ನೋಡುವುದೇ ಸುಲಭ. ನೀರು ಹಾಕಿದ ಕೂಡಲೇ ಒಮ್ಮೆ ಎತ್ತಿ ಆ ಭಾರ ನೆನಪಿಟ್ಟುಕೊಳ್ಳಿ. ನಾಲ್ಕು ದಿನದಲ್ಲಿ ಕೈಗೇ ಲೆಕ್ಕ ಸಿಗುತ್ತದೆ.

ನೆರಳು ಮತ್ತು ಜೆಲ್ ಎರಡೂ ಇದ್ದಾಗ ಮಣ್ಣು ನಿಧಾನ ಒಣಗುವುದರಿಂದ ಸಸಿ ಸಾಯುವುದು ಬಾಯಾರಿ ಅಲ್ಲ, ನೀರು ಜಾಸ್ತಿಯಾಗಿ. ಮಣ್ಣಿನ ಮಟ್ಟದಲ್ಲಿ ಕಾಂಡ ನೂಲಿನಂತೆ ಸಣ್ಣಗಾಗಿ, ಮೇಲೆ ಇನ್ನೂ ಹಸಿರಾಗಿರುವ ಸಸಿ ಒಂದು ಬೆಳಿಗ್ಗೆ ಮಲಗಿಬಿಡುತ್ತದೆ. ಇದು ಶಿಲೀಂಧ್ರದಂಥ ಜೀವಿಗಳು ತರುವ ಬುಡ ಕೊಳೆ. ಬಿದ್ದ ಸಸಿ ಏಳುವುದಿಲ್ಲ. ಅದನ್ನು ಮಣ್ಣಿನ ಸಮೇತ ದೂರ ಹಾಕಿ, ಉಳಿದವಕ್ಕೆ ನೀರು ಕಡಿಮೆ ಮಾಡಿ, ಗಾಳಿ ಆಡಲು ಬಿಡಿ.

ನೆಲದಲ್ಲಿ ಬೆಳೆಸುವವರು ಎರಡು ಅಂಗುಲ ದಪ್ಪ ಒಣಹುಲ್ಲಿನ ಹೊದಿಕೆ ಹಾಕಿ. ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಬಿಡಿ.

ಜೆಲ್ ಬೇಡ ಅನ್ನುವವರಿಗೆ ಹಳೆಯ ದಾರಿಯೊಂದಿದೆ. ಕ್ರಿ.ಪೂ. 1ನೇ ಶತಮಾನದ ಒಂದು ಚೀನೀ ಕೃಷಿ ಗ್ರಂಥದಲ್ಲಿ ಕಲ್ಲಂಗಡಿಯ ದಾಯಾದಿಗಳಾದ ಹಣ್ಣಿನ ಬಳ್ಳಿಗಳಿಗೆ ಇದನ್ನು ವಿವರಿಸಲಾಗಿದೆ. ಗುಂಡಿಯ ನಡುವೆ ಮಣ್ಣಿನ ಮಡಕೆಯನ್ನು ಬಾಯಿ ನೆಲದ ಮಟ್ಟಕ್ಕೆ ಬರುವಂತೆ ಹೂಳಿ, ನೀರು ತುಂಬಿ, ಹೆಂಚು ಮುಚ್ಚುವುದು. ಸುತ್ತ ನಾಲ್ಕು ದಿಕ್ಕಿಗೆ ನಾಲ್ಕು ಬೀಜ. ಮಣ್ಣು ಒಣಗಿದಷ್ಟು ನೀರು ಮಡಕೆಯ ಮೈಯಿಂದ ಜಿನುಗುತ್ತದೆ. ಮಡಕೆಗೆ ಬಣ್ಣ, ಹೊಳಪು ಬಳಿದಿರಬಾರದು. ನನ್ನ ಮೆಚ್ಚಿನ ವಿಧಾನ ಇದೇ, ಕುಂಡದಲ್ಲಿ ಜಾಗ ಸಾಲದು ಅನ್ನುವುದೊಂದೇ ತೊಂದರೆ.

ಆಸರೆ ಬಿಡಿಸುವುದು

ಬೀಜದೆಲೆ ಬಿಟ್ಟು ಎರಡು ಮೂರು ನಿಜವಾದ ಎಲೆ ಬಂದಾಗ, ಅಂದರೆ ಮೂರರಿಂದ ನಾಲ್ಕು ವಾರಕ್ಕೆ, ನಾಟಿಗೆ ಸಮಯ. ಅದಕ್ಕೆ ಒಂದು ವಾರ ಮುಂಚೆಯೇ ನೆಟ್ ಸರಿಸಲು ಶುರು ಮಾಡಿ. ಮೊದಲ ದಿನ ಹತ್ತು ಗಂಟೆ ತನಕ ಬಿಸಿಲು, ಮರುದಿನ ಹನ್ನೊಂದರ ತನಕ, ಹೀಗೆ ದಿನಕ್ಕೊಂದು ಗಂಟೆ ಹೆಚ್ಚಿಸಿ. ಒಮ್ಮೆಲೇ ತೆಗೆದರೆ ಎಲೆಯ ಮೇಲೆ ಬಿಳಿ ಕಲೆ ಬಿದ್ದು ಸುಡುತ್ತದೆ. ಮೋಡದ ದಿನ ಸಿಕ್ಕರೆ ಪೂರ್ತಿ ತೆಗೆಯಲು ಅದೇ ಒಳ್ಳೆಯ ದಿನ.

ನಾಟಿ ಸಂಜೆ ಮಾಡಿ. ಲೋಟದಲ್ಲಿ ಎಷ್ಟು ಆಳಕ್ಕಿತ್ತೋ ಅಷ್ಟೇ ಆಳ. ಗಿಡದಿಂದ ಗಿಡಕ್ಕೆ 60ರಿಂದ 90 ಸೆಂ.ಮೀ., ಸಾಲಿನಿಂದ ಸಾಲಿಗೆ ಸುಮಾರು 2 ಮೀಟರ್. ಗುಂಡಿಗೆ ಉಬ್ಬಿದ ಜೆಲ್ ಹಾಕುವುದಾದರೆ ಮಣ್ಣಿನ ಜೊತೆ ಕಲಸಿ ಹಾಕಿ. ಮುದ್ದೆಯಾಗಿ ಬೇರಿನ ಕೆಳಗಿಟ್ಟರೆ ಅಲ್ಲಿ ಗಾಳಿಯೇ ಇರುವುದಿಲ್ಲ. ನಾಟಿಯಾದ ಮೂರು ನಾಲ್ಕು ದಿನ ಮಧ್ಯಾಹ್ನ ಮತ್ತೆ ನೆರಳು ಕೊಡಿ. ಬಳ್ಳಿ ಹರಿಯಲು ಶುರುವಾದ ಮೇಲೆ ನೆಟ್ ಮಡಚಿಡಿ. ಹೂ ಬಿಡುವ ಹೊತ್ತಿಗೆ ಜೇನುನೊಣ ಬರಲು ದಾರಿ ತೆರೆದಿರಬೇಕು. ಮೊದಲು ಬರುವುದು ಬರೀ ಗಂಡು ಹೂ, ಅವು ಉದುರಿದರೆ ಗಾಬರಿ ಬೇಡ.

ಬೆಳೆ ಮುಗಿದ ಮೇಲೆ ಕುಂಡದ ಮಣ್ಣು ಚೆಲ್ಲಬೇಡಿ. ಜೆಲ್ ಕೆಲವು ವರ್ಷ ಕೆಲಸ ಮಾಡುತ್ತದೆ, ಶಕ್ತಿ ಮಾತ್ರ ಕುಗ್ಗುತ್ತಾ ಹೋಗುತ್ತದೆ. ಮತ್ತೆ ಬಳಸುವ ಮುಂಚೆ ಒಂದು ಹಿಡಿ ಮಣ್ಣನ್ನು ತಟ್ಟೆಯಲ್ಲಿ ನೆನೆಸಿ, ಕಾಳುಗಳು ಇನ್ನೂ ಉಬ್ಬುತ್ತಿವೆಯೇ ನೋಡಿ. ಉಬ್ಬಿದರೆ ಹೊಸದು ಬೇಡ. ಆ ಮಣ್ಣಿನಲ್ಲಿ ಕೂಡಲೇ ಕಲ್ಲಂಗಡಿ, ಸೌತೆ, ಕುಂಬಳ ಹಾಕದೆ ಬೇರೆ ಕುಟುಂಬದ ಗಿಡ ಹಾಕಿ. ಈ ಬಳ್ಳಿಗಳಿಗೆ ತಗಲುವ ಸೊರಗು ರೋಗ ಮಣ್ಣಿನಲ್ಲೇ ಉಳಿದಿರುತ್ತದೆ.