ಸೀಸೆಯ ಬಣ್ಣ ಬೇರೆ, ಸಾಲಿನ ಬಣ್ಣ ಬೇರೆ: ಹೊಸ ಶಾಯಿಯನ್ನು ಪರೀಕ್ಷಿಸುವ ಕ್ರಮ

ಶಾಯಿ ತುಂಬಿದ ಸೀಸೆಯನ್ನು ಬೆಳಕಿಗೆ ಹಿಡಿದರೆ ಕಡುನೀಲಿಯೂ ಕಪ್ಪೇ, ಕಡುಹಸಿರೂ ಕಪ್ಪೇ. ಡಬ್ಬಿಯ ಮೇಲಿನ ಬಣ್ಣ ಮುದ್ರಣಾಲಯದ ಮಸಿಯದು. ಮೊಬೈಲ್ ಪರದೆಯಲ್ಲಿ ಕಾಣುವ ಬಣ್ಣ ಫೋಟೊ ತೆಗೆದ ದೀಪದ ಮೇಲೆ ಹೋಗುತ್ತದೆ. ಒಂದು ಶಾಯಿಯ ನಿಜವಾದ ಬಣ್ಣ ತಿಳಿಯುವುದು ನಿಮ್ಮ ಶಾಯಿ ಪೆನ್ನಿನಲ್ಲಿ (ಫೌಂಟನ್ ಪೆನ್), ನೀವು ದಿನವೂ ಬರೆಯುವ ಕಾಗದದ ಮೇಲೆ, ಸಾಲು ಪೂರ್ತಿ ಒಣಗಿದ ಬಳಿಕ. ಅದಕ್ಕೆ 1 ಮಿ.ಲೀ. ಶಾಯಿ ಸಾಕು. ಸೀಸೆ ಮನೆಗೆ ಬಂದ ಕೂಡಲೇ, ಹಳೆಯ ಶಾಯಿಯ ಶೇಷ ಇನ್ನೂ ಒಳಗಿರುವ ಪೆನ್ನಿಗೆ ಹೊಸದನ್ನು ತುಂಬಿ ‘ಈ ಬಣ್ಣ ಚೆನ್ನಾಗಿಲ್ಲ’ ಎಂದು ತೀರ್ಮಾನಿಸಿದರೆ ಒಳ್ಳೆಯ ಶಾಯಿಗೆ ಅನ್ಯಾಯವಾಗುತ್ತದೆ.

ಬೇಕಾಗುವ ಸಾಮಾನು: ಕಿವಿಗೆ ಬಳಸುವ ಹತ್ತಿಕಡ್ಡಿ ಎರಡು, ಅದ್ದಿ ಬರೆಯುವ ನಿಬ್ಬು ಅಥವಾ ಗಾಜಿನ ಪೆನ್ನು, ಮೆಡಿಕಲ್ ಸ್ಟೋರಿನ 2 ಮಿ.ಲೀ. ಸಿರಿಂಜ್, ಟಿಶ್ಯೂ ಕಾಗದ, ಎರಡು ಲೋಟ ನೀರು, ಮೂರು ಬಗೆಯ ಕಾಗದ, ಒಂದು ಪೆನ್ಸಿಲ್. ಪೆನ್ಸಿಲ್ ಏಕೆಂದರೆ, ಪರೀಕ್ಷೆಯ ಹಾಳೆಯ ಮೇಲೆ ನೀರು ಬೀಳಿಸಬೇಕಾಗುತ್ತದೆ. ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿ ಮಾತ್ರ ಆಗ ಉಳಿಯುತ್ತದೆ.

ಮೊದಲು ಶಾಯಿಯ ಬಗೆ ತಿಳಿಯಿರಿ

ಬ್ರಿಲ್, ಕ್ಯಾಮ್ಲಿನ್‌ನಂಥ ಕಂಪನಿಗಳ ಮಾಮೂಲಿ ನೀಲಿ, ಪೆಲಿಕನ್ 4001 ರಾಯಲ್ ಬ್ಲೂ ಮುಂತಾದವು ನೀರಿನಲ್ಲಿ ಕರಗುವ ಬಣ್ಣದ ಶಾಯಿಗಳು. ಇವುಗಳಿಂದ ಪೆನ್ನಿಗೆ ಅಪಾಯ ಕಡಿಮೆ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣ ಕರಗಿರುವುದಿಲ್ಲ, ಅತಿ ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಪೆನ್ನಿನೊಳಗೆ ಒಣಗಿದರೆ ಬಿಡಿಸುವುದು ಕಷ್ಟ. ಮಿನುಗು ಪುಡಿ ಸೇರಿದ ಶಾಯಿಯಲ್ಲಿ ಆ ಪುಡಿ ತಳಕ್ಕಿಳಿಯುತ್ತದೆ. ತುಂಬುವ ಮುನ್ನ ಸೀಸೆಯನ್ನು ಮೆಲ್ಲಗೆ ಮೇಲೆ ಕೆಳಗೆ ಮಾಡಬೇಕು, ಸುಲಭವಾಗಿ ಬಿಚ್ಚಿ ತೊಳೆಯಬಹುದಾದ ಪೆನ್ನಿಗೆ ಮಾತ್ರ ಹಾಕಬೇಕು.

ಐರನ್ ಗಾಲ್ ಶಾಯಿಯನ್ನು ಬೇರೆಯಾಗಿಯೇ ನೋಡಬೇಕು. ಇದರ ಹಳೆಯ ಪಾಕ ನಮ್ಮ ಗ್ರಂದಿಗೆ ಅಂಗಡಿಯದೇ: ಮಾಚಿಕಾಯಿಯ ಒಗರು ಮತ್ತು ಅನ್ನಭೇದಿ. ಬರೆಯುವಾಗ ನೀಲಿಯಾಗಿ ಕಾಣುವ ಸಾಲು, ಅದರಲ್ಲಿರುವ ಕಬ್ಬಿಣದಂಶ ಗಾಳಿಗೆ ತಾಗಿದಂತೆ ಕಪ್ಪಾಗುತ್ತ ಹೋಗುತ್ತದೆ. ಪೆಲಿಕನ್ 4001 ಬ್ಲೂ-ಬ್ಲ್ಯಾಕ್ ಈ ಬಗೆಯದು. ಇದರ ಬಣ್ಣವನ್ನು ಬರೆದ ಗಳಿಗೆಯಲ್ಲಿ ಅಳೆಯಬಾರದು, ಮರುದಿನ ನೋಡಬೇಕು. ಆಮ್ಲೀಯವಾದ್ದರಿಂದ ಸ್ಟೀಲ್ ನಿಬ್ಬಿನ ಪೆನ್ನಿನಲ್ಲಿ ತಿಂಗಳುಗಟ್ಟಲೆ ಬಿಡಲೂ ಬಾರದು.

ಸ್ಟೇಷನರಿ ಅಂಗಡಿಯ ಅದೇ ಕಪಾಟಿನಲ್ಲಿ ಡ್ರಾಯಿಂಗ್ ಇಂಕ್, ಸ್ಟಾಂಪ್ ಪ್ಯಾಡ್ ಇಂಕ್ ಕೂಡ ಇರುತ್ತವೆ. ನೀರಿಗೆ ಹೋಗದ ಡ್ರಾಯಿಂಗ್ ಇಂಕಿನಲ್ಲಿ ಸಾಮಾನ್ಯವಾಗಿ ಅರಗಿನಿಂದ ತೆಗೆದ ಶೆಲ್ಯಾಕ್ ಅಥವಾ ಅಂಥದೇ ಅಂಟು ಇರುತ್ತದೆ. ಒಮ್ಮೆ ಒಳಗೆ ಒಣಗಿತೆಂದರೆ ಪೆನ್ನು ಕೆಟ್ಟಂತೆಯೇ. ಸೀಸೆಯ ಮೇಲೆ ‘ಫೌಂಟನ್ ಪೆನ್’ ಎಂಬ ಮಾತು ಇದೆಯೇ ನೋಡಿಯೇ ತನ್ನಿ. ಮುಚ್ಚಳ ತೆಗೆದಾಗ ಮೇಲೆ ಪೊರೆ, ಎಳೆ ಎಳೆಯಾದ ಲೋಳೆ ಕಂಡರೆ ಬೂಷ್ಟು ಹಿಡಿದಿದೆ. ಸೋಸಿ ಬಳಸುವ ಆಸೆ ಬೇಡ, ಚೆಲ್ಲಿಬಿಡಿ.

ಪೆನ್ನನ್ನು ತೊಳೆಯುವುದು

ಕನ್ವರ್ಟರ್ (ಶಾಯಿ ಎಳೆದುಕೊಳ್ಳುವ, ಬಿಚ್ಚಬಹುದಾದ ಪುಟ್ಟ ಕೊಳವೆ) ಇರುವ ಪೆನ್ನಾದರೆ ನಿಬ್ಬನ್ನು ತಣ್ಣೀರಿನಲ್ಲಿ ಮುಳುಗಿಸಿ 10ರಿಂದ 15 ಸಲ ಎಳೆದು ಹೊರಬಿಡಿ. ನೀರು ತಿಳಿಯಾಯಿತೆಂದು ನಿಲ್ಲಿಸಬೇಡಿ. ನಿಬ್ಬಿನ ಕೆಳಗೆ ನಾಲಿಗೆಯಂತಿರುವ ಫೀಡಿನ ಸೀಳುಗಳಲ್ಲಿ ಶಾಯಿ ಅಡಗಿರುತ್ತದೆ. ಮಡಚಿದ ಟಿಶ್ಯೂವಿನ ಮೇಲೆ ನಿಬ್ಬನ್ನು ಕೆಳಮುಖವಾಗಿ ಒಂದು ರಾತ್ರಿ ನಿಲ್ಲಿಸಿಡಿ. ಬೆಳಿಗ್ಗೆ ಟಿಶ್ಯೂವಿನಲ್ಲಿ ಬಣ್ಣದ ಕಲೆ ಇದ್ದರೆ ಇನ್ನೊಂದು ಸುತ್ತು ತೊಳೆಯಬೇಕು.

ಹಟಮಾರಿ ಕಲೆಗೆ ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದೇ ಹನಿ ಹಾಕಿ ಒಂದೆರಡು ಗಂಟೆ ನೆನೆಸಿ. ನಂತರ ಬರಿ ನೀರಿನಲ್ಲಿ ಕನಿಷ್ಠ ಹತ್ತು ಸಲ ಎಳೆದುಬಿಡಿ. ಸೋಪಿನಂಶ ಉಳಿದರೆ ಹೊಸ ಶಾಯಿ ಕಾಗದದಲ್ಲಿ ಹರಡುತ್ತದೆ, ನೀವು ಶಾಯಿಯನ್ನು ದೂರುತ್ತೀರಿ. ಬಿಸಿನೀರಿಗೆ ಎಬೊನೈಟ್ (ಗಡಸು ರಬ್ಬರ್) ಪೆನ್ನಿನ ಬಣ್ಣ ಕೆಡುತ್ತದೆ. ಸ್ಪಿರಿಟ್, ನೇಲ್ ಪಾಲಿಶ್ ತೆಗೆಯುವ ದ್ರವ ಪ್ಲಾಸ್ಟಿಕ್ಕನ್ನೇ ತಿನ್ನುತ್ತವೆ. ಮನೆಗೆ ಬರುವುದು ಗಡಸಾದ ಬೋರ್‌ವೆಲ್ ನೀರಾದರೆ ಕೊನೆಯ ಒಂದೆರಡು ಸಲಕ್ಕಾದರೂ ಫಿಲ್ಟರ್ ನೀರು ಬಳಸಿ, ಇಲ್ಲವಾದರೆ ಒಳಗೆ ಬಿಳಿ ಉಪ್ಪು ಕೂರುತ್ತದೆ.

ಹತ್ತಿಕಡ್ಡಿಯ ಗೆರೆ, ಅದ್ದಿದ ನಿಬ್ಬಿನ ಸಾಲು

ಪೆನ್ನು ಒಣಗುವಷ್ಟರಲ್ಲಿ ಮೊದಲ ಪರೀಕ್ಷೆ ಮುಗಿಸಬಹುದು. ಹತ್ತಿಕಡ್ಡಿಯ ತುದಿಯನ್ನು ಅರ್ಧ ಅದ್ದಿ, ಸೀಸೆಯ ಅಂಚಿಗೆ ಒಮ್ಮೆ ಒರೆಸಿ, ಕಾಗದದ ಮೇಲೆ 5 ಸೆಂ.ಮೀ. ಉದ್ದ ಎಳೆಯಿರಿ. ಅದರ ಅರ್ಧದ ಮೇಲೆ ಇನ್ನೊಂದು ಸಲ, ಕಾಲುಭಾಗದ ಮೇಲೆ ಮೂರನೆಯ ಸಲ. ಒಂದೇ ಶಾಯಿಯ ತಿಳಿ, ನಡು, ಗಾಢ ಛಾಯೆಗಳು ಪಕ್ಕಪಕ್ಕದಲ್ಲಿ ಸಿಗುತ್ತವೆ. ಹತ್ತು ನಿಮಿಷ ಬಿಟ್ಟು ಹಗಲಿನ ಬೆಳಕಿನಲ್ಲಿ ನೋಡಿ. ಟ್ಯೂಬ್‌ಲೈಟಿನ ಕೆಳಗೆ ನೇರಳೆ ನೀಲಿಯಾಗಿ ಕಾಣಬಹುದು.

ಆದರೆ ಹತ್ತಿ ಬಿಡುವಷ್ಟು ಶಾಯಿಯನ್ನು ಯಾವ ನಿಬ್ಬೂ ಬಿಡುವುದಿಲ್ಲ. ಹತ್ತಿಯ ಗೆರೆಯಲ್ಲಿ ಮನಸೆಳೆದ ತಿಳಿ ಕಿತ್ತಳೆ, ಸಣ್ಣ ನಿಬ್ಬಿನಲ್ಲಿ ಓದಲೂ ಆಗದಷ್ಟು ಪೇಲವವಾಗಬಹುದು. ಅದಕ್ಕೆಂದೇ ಎರಡನೆಯ ಹೆಜ್ಜೆ: ಅದ್ದುವ ನಿಬ್ಬನ್ನು ಅರ್ಧ ಮುಳುಗಿಸಿ ಮೂರು ನಾಲ್ಕು ಸಾಲು ಬರೆಯಿರಿ. ಮೊದಲ ಪದಗಳು ತೀರಾ ಗಾಢವಾಗಿರುತ್ತವೆ, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೂರನೆಯ ಸಾಲಿಗೆ ಬರುವಾಗ ಶಾಯಿ ಒಂದು ಹದಕ್ಕೆ ಇಳಿದಿರುತ್ತದೆ. ಬೇರೆ ಶಾಯಿ ತುಂಬಿರುವ ಪೆನ್ನನ್ನು ಮಾತ್ರ ಹೊಸ ಸೀಸೆಯಲ್ಲಿ ಅದ್ದಬೇಡಿ, ಇಡೀ ಸೀಸೆ ಮಲಿನವಾಗುತ್ತದೆ.

ಪೆನ್ನಿಗೆ ತುಂಬುವುದು

ಸಿರಿಂಜಿನಲ್ಲಿ 0.5 ಮಿ.ಲೀ. ತೆಗೆದು ಕನ್ವರ್ಟರಿಗೆ ಅಥವಾ ತೊಳೆದ ಖಾಲಿ ಕಾರ್ಟ್ರಿಜ್ಜಿಗೆ (ಶಾಯಿ ತುಂಬಿಯೇ ಬರುವ ಪ್ಲಾಸ್ಟಿಕ್ ಕೊಳವೆ) ಹಾಕಿ. ಸೂಜಿಯ ಮೊನೆಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿಕೊಂಡರೆ ಕೈಗೆ ಚುಚ್ಚುವುದಿಲ್ಲ. ಹೊಟ್ಟೆಗೇ ನೇರವಾಗಿ ಡ್ರಾಪರಿನಿಂದ ಶಾಯಿ ತುಂಬುವ ಪೆನ್ನು ಈ ಪರೀಕ್ಷೆಗೆ ಒಗ್ಗದು. ಅದರಲ್ಲಿ ಶಾಯಿ ಕಡಿಮೆಯಿದ್ದು ಗಾಳಿ ಹೆಚ್ಚಿದ್ದರೆ, ಕೈಯ ಬಿಸಿಗೆ ಗಾಳಿ ಹಿಗ್ಗಿ ಶಾಯಿಯನ್ನು ಹೊರದೂಡುತ್ತದೆ. ಬರೆಯುತ್ತಿರುವಾಗಲೇ ತೊಟ್ಟು ಬೀಳುತ್ತದೆ. ಪಾರದರ್ಶಕ ಪೆನ್ನಿಗೆ ಕಡುಗೆಂಪು, ಗುಲಾಬಿ, ನೇರಳೆ ತುಂಬುವ ಮುನ್ನ ಎರಡು ಸಲ ಯೋಚಿಸಿ. ಕೆಲವು ಕಲೆಗಳು ಹೋಗುವುದೇ ಇಲ್ಲ.

ತುಂಬಿದ ಮೇಲೆ ಅರ್ಧ ಪುಟ ಸುಮ್ಮನೆ ಬರೆಯಿರಿ. ಫೀಡಿನಲ್ಲಿ ಉಳಿದ ನೀರಿನ ಜೊತೆ ಬೆರೆತು ಮೊದಲ ಸಾಲುಗಳು ತೆಳುವಾಗಿ ಬರುವುದು ಸಹಜ. ಪರೀಕ್ಷೆ ಶುರುವಾಗುವುದು ಅಲ್ಲಿಂದ ಮುಂದೆ.

ಕಾಗದದ ಮೇಲೆ ಏನನ್ನು ನೋಡಬೇಕು

ಮೂರು ಕಾಗದ ತೆಗೆದುಕೊಳ್ಳಿ: 75 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಜೆರಾಕ್ಸ್ ಹಾಳೆ, ಶಾಲೆಯ ನೋಟ್‌ಬುಕ್, ಶಾಯಿ ಪೆನ್ನಿಗೆಂದೇ ಮಾಡಿದ ನುಣುಪಾದ ಕಾಗದ. ದಪ್ಪವೊಂದೇ ಮುಖ್ಯವಲ್ಲ. ಜಪಾನಿನ ತೊಮೊಯೆ ರಿವರ್ 52 ಜಿಎಸ್‌ಎಂ ಕಾಗದ ತೆಳ್ಳಗಿದ್ದರೂ ಶಾಯಿಯನ್ನು ಮೇಲೆಯೇ ಹಿಡಿದಿಡುತ್ತದೆ. ಸೀರೆಗೆ ಗಂಜಿ ಹಾಕಿದಂತೆ ಕಾಗದದ ನಾರಿಗೂ ಒಂದು ಲೇಪ ಇರುತ್ತದೆ, ವ್ಯತ್ಯಾಸ ಮಾಡುವುದು ಆ ಲೇಪ.

ಶಾಯಿ ಹರಡುತ್ತದೆಯೇ ಎಂದು ಪತ್ತೆ ಮಾಡಲು ಕನ್ನಡ ಅಕ್ಷರಗಳಷ್ಟು ಒಳ್ಳೆಯ ಸಾಧನ ಇಲ್ಲ. ‘ದ’ ಮತ್ತು ‘ಧ’, ‘ಪ’ ಮತ್ತು ‘ಫ’ ಪಕ್ಕಪಕ್ಕ ಬರೆಯಿರಿ. ಕೆಳಗಿನ ಸಣ್ಣ ಸೀಳೊಂದೇ ಮಹಾಪ್ರಾಣದ ಗುರುತು. ಜೊತೆಗೆ ‘ಠ’ ಬರೆದು ನಡುವಿನ ಚುಕ್ಕೆಯನ್ನು ನೋಡಿ. ‘ಲಕ್ಷ್ಮಿ’, ‘ಸ್ವಾತಂತ್ರ್ಯ’ ಬರೆದು ಒತ್ತಕ್ಷರಗಳ ಒಳಗಿನ ಬಿಳಿ ಜಾಗವನ್ನು ನೋಡಿ. ಸೀಳು ಮುಚ್ಚಿಹೋದರೆ, ಚುಕ್ಕೆ ಸುತ್ತಿನೊಡನೆ ಕೂಡಿಕೊಂಡರೆ ಆ ಶಾಯಿ, ಆ ನಿಬ್ಬು, ಆ ಕಾಗದ ಹೊಂದುವುದಿಲ್ಲ. ಇನ್ನೂ ಸಣ್ಣ ನಿಬ್ಬು ಬಳಸಿ ಅಥವಾ ಕಾಗದ ಬದಲಿಸಿ. ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿ: ನೆರಳು ಕಂಡರೆ ತೊಂದರೆಯಿಲ್ಲ, ಚುಕ್ಕೆ ಚುಕ್ಕೆಯಾಗಿ ಶಾಯಿ ತೂರಿದ್ದರೆ ಆ ಬದಿ ಬರೆಯಲು ಬಾರದು.

ಒಣಗುವ ಸಮಯ ಅಳೆಯಲು ಒಂದೊಂದೇ ಪುಟ್ಟ ಗೆರೆ ಎಳೆದು 5, 10, 15, 20, 30 ಸೆಕೆಂಡಿಗೆ ಒಣ ಬೆರಳಿನಿಂದ ಸವರಿ. ಹೀರುವ ಜೆರಾಕ್ಸ್ ಹಾಳೆಯಲ್ಲಿ ಬೇಗ ಒಣಗುವ ಅದೇ ಶಾಯಿ ನುಣುಪು ಕಾಗದದಲ್ಲಿ ಅರ್ಧ ನಿಮಿಷ ದಾಟಬಹುದು. ಮಂಗಳೂರು, ಉಡುಪಿಯ ಕಡೆ ಮಳೆಗಾಲದಲ್ಲಿ ಇನ್ನೂ ತಡ. ನೀಲಿಯ ಮೇಲೆ ಕೆಂಪು ಹೊಳಪು ಮೂಡುವ ಶಾಯಿಗಳಲ್ಲಿ ಬಣ್ಣ ಕಾಗದದ ಮೇಲ್ಮೈಯಲ್ಲೇ ಕೂತಿರುತ್ತದೆ. ನೋಡಲು ಚೆಂದ, ಆದರೆ ವಾರದ ಬಳಿಕವೂ ಬೆವರಿದ ಬೆರಳಿಗೆ ಅಂಟುತ್ತದೆ. ಪರೀಕ್ಷೆ ಬರೆಯುವವರಿಗೆ, ಎಡಗೈಯಲ್ಲಿ ಬರೆಯುವವರಿಗೆ ಇಂಥದು ಬೇಡ.

ನೀರಿನ ಪರೀಕ್ಷೆಯನ್ನು 24 ಗಂಟೆ ಕಳೆದ ಮೇಲೆ ಮಾಡಿ. ಒಂದು ಸಾಲಿನ ಮೇಲೆ ಎರಡು ಹನಿ ನೀರು ಬಿಟ್ಟು ಒಂದು ನಿಮಿಷ ಕಾಯಿರಿ. ರಾಯಲ್ ಬ್ಲೂ ಆದರೆ ಹನಿಯೊಳಗೆ ನೀಲಿ ಮೋಡ ಎದ್ದು, ಟಿಶ್ಯೂ ಒತ್ತಿ ತೆಗೆದಾಗ ಅಕ್ಷರ ಬಹುತೇಕ ಅಳಿದಿರುತ್ತದೆ. ಐರನ್ ಗಾಲ್ ಶಾಯಿಯಲ್ಲೂ ನೀಲಿ ತೇಲಿಬರುತ್ತದೆ, ಆದರೆ ಕೆಳಗೆ ಬೂದುಗಪ್ಪು ಸಾಲು ಅಲುಗದೆ ನಿಂತಿರುತ್ತದೆ. ಪಿಗ್ಮೆಂಟ್ ಶಾಯಿ ಸಾಮಾನ್ಯವಾಗಿ ಕದಲುವುದಿಲ್ಲ. ಅಂಚೆ ವಿಳಾಸ, ಚೆಕ್ಕು, ಮನೆಯ ಕಾಗದಪತ್ರಗಳಿಗೆ ಈ ಪರೀಕ್ಷೆಯಲ್ಲಿ ಉಳಿದ ಶಾಯಿಯನ್ನೇ ಬಳಸಿ.

ಬಿಸಿಲಿಗೆ ಬಣ್ಣ ಹೋಗುತ್ತದೆಯೇ ತಿಳಿಯಲು ಬರೆದ ಪಟ್ಟಿಯ ಅರ್ಧಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ ಕಿಟಕಿಯ ಗಾಜಿಗೆ ಅಂಟಿಸಿ, ಮೂರು ವಾರ ಬಿಟ್ಟು ಬಿಚ್ಚಿ. ದಿನಚರಿ ಬರೆಯುವವರು ಇದನ್ನು ತಪ್ಪಿಸಬಾರದು.

ತೊಡಕು ಬಂದರೆ

ಮುಚ್ಚಳ ಹಾಕಿದ ಪೆನ್ನನ್ನು ಒಂದು ರಾತ್ರಿ ಮಲಗಿಸಿಟ್ಟು ಬೆಳಿಗ್ಗೆ ಬರೆಯಿರಿ. ಮೊದಲ ಅಕ್ಷರವೇ ಮೂಡದಿದ್ದರೆ, ನಡುನಡುವೆ ಸಾಲು ತುಂಡಾದರೆ, ಶಾಯಿಯನ್ನು ದೂರುವ ಮೊದಲು ಅದೇ ಪೆನ್ನನ್ನು ತೊಳೆದು ಮಾಮೂಲಿ ರಾಯಲ್ ಬ್ಲೂ ತುಂಬಿ ನೋಡಿ. ಅದೂ ತಡೆದರೆ ದೋಷ ಪೆನ್ನಿನದು. ಅದು ಸರಾಗವಾಗಿ ಹರಿದರೆ ಹೊಸ ಶಾಯಿ ಒಣ ಸ್ವಭಾವದ್ದು. ಧಾರಾಳವಾಗಿ ಹರಿಯುವ ಇನ್ನೊಂದು ಪೆನ್ನಿಗೆ ಅದನ್ನು ಹಾಕಿ. ಬಣ್ಣ ಅತಿ ಗಾಢವಾಗಿ, ನಿಬ್ಬಿನ ಮೇಲೆ ಹರಳುಗಟ್ಟುತ್ತಿದ್ದರೆ 9 ಭಾಗ ಶಾಯಿಗೆ 1 ಭಾಗ ಶುದ್ಧ ನೀರು ಬೆರೆಸಬಹುದು. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಇಂಜೆಕ್ಷನ್ ನೀರಿನ ಪುಟ್ಟ ಸೀಸೆ ಇದಕ್ಕೆ ಸರಿ. ನಲ್ಲಿ ನೀರು ಹಾಕಿದರೆ ಬೂಷ್ಟಿಗೆ ದಾರಿ. ಬೆರೆಸುವುದು ಬೇರೊಂದು ಚಿಕ್ಕ ಬಾಟಲಿಯಲ್ಲಿ, ಮೂಲ ಸೀಸೆಯಲ್ಲಲ್ಲ.

ಎರಡು ಬಣ್ಣ ಕೂಡಿಸುವ ಆಸೆಯಿದ್ದರೆ ಒಂದೊಂದು ಮಿ.ಲೀ. ಬೆರೆಸಿ ಗಾಜಿನ ಬಾಟಲಿಯಲ್ಲಿ ಕನಿಷ್ಠ ಒಂದು ದಿನ ಬಿಡಿ. ಆಮ್ಲೀಯ ಶಾಯಿಗೆ ಕ್ಷಾರೀಯ ಶಾಯಿ ಸೇರಿದರೆ ಬಣ್ಣ ಗರಣೆಗಟ್ಟಿ ತಳದಲ್ಲಿ ಕೂರಬಹುದು. ಬಾಟಲಿಯನ್ನು ಓರೆ ಮಾಡಿದಾಗ ತಳದಲ್ಲಿ ಕೆಸರು ಕಂಡರೆ ಅದು ಪೆನ್ನಿಗೆ ಹೋಗಕೂಡದು. ಪೆನ್ನಿನಲ್ಲಿ ಉಳಿದ ಶಾಯಿಯನ್ನೂ ಸೀಸೆಗೆ ಮರಳಿ ಸುರಿಯಬೇಡಿ.

ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಶಾಯಿಯ ಹೆಸರು, ತಾರೀಖು, ಪೆನ್ನು, ನಿಬ್ಬಿನ ಅಳತೆ, ಕಾಗದ ಇಷ್ಟನ್ನು ಬರೆದು, ಬೆಳಕು ಬೀಳದ ಕಡತದಲ್ಲಿಡಿ. ಮುಂದಿನ ಸಲ ಹಸಿರು ಕೊಳ್ಳಲು ಹೊರಟಾಗ ಈ ಹಾಳೆಯನ್ನೇ ಅಂಗಡಿಗೆ ಒಯ್ಯಬಹುದು.